ಅಜ್ಜಿ ಸೋತ ಸಂಜೆ

ನಮ್ಮ ಮನೆಯಲ್ಲಿ ವಾದದಲ್ಲಿ ಸೋತವರು ಏನಾದರೊಂದನ್ನು ಬಿಡಬೇಕಿತ್ತು. ಅದು ಅಪ್ಪ ಮಾಡಿದ ಕಾನೂನು. ಬಾಯಲ್ಲಿ ಹೌದೆಂದು ಒಪ್ಪಿಕೊಂಡು ನಡತೆಯಲ್ಲಿ ಮೊದಲಿನ ಹಾಗೇ ಇರುವವನು ಓದಿದರೂ ಅಷ್ಟೇ, ಓದದಿದ್ದರೂ ಅಷ್ಟೇ ಎಂಬುದು ಅವನ ಹಟ. ಆ ಕಾನೂನಿಗೆ ಮೊದಲು ಸಿಕ್ಕಿಬಿದ್ದವನೂ ಅವನೇ. ಒಂದು ಸಂಜೆ ಗೋಡೆಗೆ ಒರಗಿ ಕುಳಿತು, ಅಂಗೈಯಲ್ಲಿ ಸುಣ್ಣ ಬೆರೆಸಿ ತಂಬಾಕು ತಿಕ್ಕುತ್ತ, ಮನುಷ್ಯ ತನ್ನ ಆಸೆಗಳಿಗೆ ಯಜಮಾನನಾಗಿರಬೇಕು, ಆಳಾಗಬಾರದು ಎಂದು ಆವತ್ತು ಓದಿದ್ದನ್ನು ನನಗೂ ಆಯಿಗೂ ವಿವರಿಸುತ್ತಿದ್ದ. ಆಯಿ, ನನ್ನ ತಾಯಿ, ಒಲೆಯ ಮುಂದೆ ಬಂಗಡೆ ಮೀನು ಹುರಿಯುತ್ತಿದ್ದಳು. ತಿರುಗಿಯೂ ನೋಡದೆ ಕೇಳಿದಳು:

"ಹಂಗಾರೆ ಈಗ ಯಜಮಾನ ಯಾರು, ನೀವೋ ನಿಮ್ಮ ಅಂಗೈಲಿ ಇದ್ದದ್ದೋ?"

ಅಪ್ಪ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿದ. ಎದ್ದು ಹೋಗಿ ಅಂಗಳದಲ್ಲಿ ಕೈ ಕೊಡವಿ ಬಂದ. ಇಪ್ಪತ್ತು ವರ್ಷದ ತಂಬಾಕು ಆವತ್ತೇ ಹೋಯಿತು. ಆಮೇಲೆ ಆಯಿಯ ಸರದಿ. ಟೀವಿಯ ಕಟ್ಟುಕತೆಯ ಸೊಸೆಗಾಗಿ ದಿನಾ ಮಧ್ಯಾಹ್ನ ಕಣ್ಣೀರು ಹಾಕುವವಳು ಪಕ್ಕದ ಮನೆಯ ಬಾಣಂತಿಯನ್ನು ಒಮ್ಮೆಯಾದರೂ ಹೋಗಿ ನೋಡಿದೆಯಾ ಎಂದು ಅಪ್ಪ ಕೇಳಿದ. ಧಾರಾವಾಹಿ ನಿಂತಿತು. ನಾನು ಸೋತು ಬಿಟ್ಟದ್ದು ಶಾಲೆ ತಪ್ಪಿಸುವ ಶನಿವಾರದ ಸುಳ್ಳು ಹೊಟ್ಟೆನೋವು. ಹೀಗೆ ನಾವು ಮೂವರೂ ಒಬ್ಬರನ್ನೊಬ್ಬರು ಸೋಲಿಸುತ್ತ, ಒಂದೊಂದನ್ನೇ ಬಿಡುತ್ತ, ಬಹಳ ಸುಧಾರಿಸಿದ್ದೇವೆಂದು ಭಾವಿಸಿದ್ದೆವು. ಅಪ್ಪನ ತಾಯಿ, ನನ್ನ ಅಜ್ಜಿ, ಮಾತ್ರ ಹೊಸ್ತಿಲ ಮೇಲೆ ಕುಳಿತು ತೆಂಗಿನ ಗರಿಯಿಂದ ಪೊರಕೆಗೆ ಹಿಡಿ ಕಡ್ಡಿ ಸೀಳುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ವಾದಕ್ಕೆ ಬರುತ್ತಿರಲಿಲ್ಲ.

ಅಪ್ಪ ಕಾರವಾರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದ. ಓದಿದ್ದು ಹತ್ತನೆಯವರೆಗೆ. ಒಂದು ವರ್ಷ ತತ್ತ್ವಶಾಸ್ತ್ರ ತೆಗೆದುಕೊಳ್ಳುವ ಮಕ್ಕಳೇ ಇಲ್ಲವೆಂದು ಕಾಲೇಜಿನಲ್ಲಿ ಆ ವಿಷಯವನ್ನೇ ಮುಚ್ಚಿದರು. ಎರಡು ಕಪಾಟಿನ ಪುಸ್ತಕಗಳನ್ನು ರದ್ದಿಗೆ ಹಾಕಲು ಹೇಳಿದರು. ಅಪ್ಪ ಪ್ರಿನ್ಸಿಪಾಲರ ಮುಂದೆ ನಿಂತು ಕೇಳಿಕೊಂಡು, ದಿನಕ್ಕೊಂದು ಚೀಲದಂತೆ ಅವನ್ನು ಸಂಜೆಯ ಬಸ್ಸಿನಲ್ಲಿ ಮನೆಗೆ ಹೊತ್ತು ತಂದ. ಕೆಲವು ಕನ್ನಡದವು, ಹೆಚ್ಚಿನವು ಇಂಗ್ಲಿಷಿನವು. ಇಂಗ್ಲಿಷಿಗೆ ಒಂದು ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಅರ್ಧ ಪುಟ ಓದುತ್ತಿದ್ದ. ಕನ್ನಡದವನ್ನು ನಾನು ಗಟ್ಟಿಯಾಗಿ ಓದಬೇಕಿತ್ತು. ಅರ್ಥವಾಗದಿದ್ದರೂ ಓದು, ಅರ್ಥ ಆಮೇಲೆ ಬರ್ತದೆ, ಅದಕ್ಕೆ ಅವಸರ ಇಲ್ಲ ಎನ್ನುತ್ತಿದ್ದ. ಆ ರದ್ದಿ ಯಾಕೆಂದು ನೆಂಟರು ನಕ್ಕರೆ ಅವನ ಬಳಿ ಒಂದೇ ಕಾರಣವಿತ್ತು. ಚೆಂಡಿಯಾ ಊರಿನ ಹತ್ತಿರದ ನಮ್ಮ ಮನೆ, ಗದ್ದೆ ನೌಕಾನೆಲೆಗೆ ಹೋಗಿ ನಾವು ಈ ಪುನರ್ವಸತಿ ಕಾಲನಿಗೆ ಬಂದಿದ್ದೆವು. ಅಲ್ಲಿ ಒಂದೇ ಬಾವಿಯ ನೀರು ಕುಡಿದವರು ಇಲ್ಲಿ ಬಂದ ಕೂಡಲೇ ಮೊದಲು ಕಟ್ಟಿದ್ದು ಕಂಪೌಂಡ್ ಗೋಡೆ. ಎದುರು ಸಿಕ್ಕರೆ ಊಟ ಆಯ್ತಾ ಎಂದು ಕೇಳುವವರಿಲ್ಲ. ಚೌತಿಯಲ್ಲಿ ಭಜನೆ ಯಾರ ಮನೆಯಿಂದ ಶುರುವಾಗಬೇಕು ಎಂದು ಎರಡು ವರ್ಷ ಜಗಳವಾಯಿತು. ಮೂರನೇ ವರ್ಷ ಜಗಳವೂ ಇಲ್ಲ, ಭಜನೆಯೂ ಇಲ್ಲ. ಅಪ್ಪನಿಗೆ ಅದೇ ಚಿಂತೆ.

"ಭೂಮಿ ಹೋಯ್ತು, ಬದ್ಲಿಗೆ ಭೂಮಿ ಬಂತು. ಮನೆ ಹೋಯ್ತು, ಮನೆ ಬಂತು. ಮತ್ತೆ ಹೋದದ್ದು ಯಾವ್ದು? ಯಾರೋ ಎಲ್ಲೋ ಇದನ್ನ ಮೊದಲೇ ವಿಚಾರ ಮಾಡಿ ಬರೆದಿಟ್ಟಿರ್ಬೇಕು."

ಆ ಯಾರೋ ಈ ಚೀಲಗಳಲ್ಲಿ ಇದ್ದಾನೆ ಎಂದು ಅವನು ನಂಬಿದ್ದ. ಪುಸ್ತಕಗಳಿಗೆ ಜಾಗವಿದ್ದದ್ದು ನಡುಕೋಣೆಯಲ್ಲಿ ಮಾತ್ರ. ಕಿಟಕಿಯಿಲ್ಲದ, ಒಂದೇ ಬಾಗಿಲಿನ ಆ ಕೋಣೆ ಅಷ್ಟರೊಳಗೆ ಬೇರೆಯವರದ್ದಾಗಿತ್ತು. ಹಳೆಯ ಮನೆ ಬಿಡುವ ದಿನ ನಾವೆಲ್ಲ ಲಾರಿ ಹತ್ತಿ ಕುಳಿತರೂ ಅಜ್ಜಿ ಹತ್ತಿರಲಿಲ್ಲ. ಖಾಲಿ ಮನೆಯೊಳಗೆ ಹೋಗಿ ಒಂದು ತೆಂಗಿನಕಾಯಿ ಹಿಡಿದು, ಮೂಲೆ ಮೂಲೆಯಲ್ಲಿ ನಿಂತು, ಬನ್ನಿ, ನಾವು ಹೊರಟೆವು, ನೀವೂ ಬನ್ನಿ ಎಂದು ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದಿದ್ದಳು. ಆ ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಲಾರಿಯಲ್ಲಿ ಬಂದಳು. ಹೊಸ ಮನೆಯ ನಡುಕೋಣೆಯ ಮೂಲೆ ಅವರಿಗೆ. ವರ್ಷಕ್ಕೊಮ್ಮೆ, ಮಹಾಲಯದ ಅಮಾವಾಸ್ಯೆಯ ಮಧ್ಯಾಹ್ನ, ಅಲ್ಲಿ ಎಲೆ ಹಾಕಿ ಅನ್ನ, ವಡೆ, ಪಾಯಸ ಬಡಿಸುವುದು. ಅಜ್ಜನಿಗೆ ಒಂದು ಬೀಡಿ, ಅವನ ತಾಯಿಗೆ ಒಂದು ಎಲೆಯಡಿಕೆಯ ಕವಳ. ಕಂಚಿನ ಬಟ್ಟಲಲ್ಲಿ ನೀರು. ಆಮೇಲೆ ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ಕೂರಬೇಕು. ಅವರು ಉಂಡಾಯಿತು ಎನ್ನಿಸುವಷ್ಟು ಹೊತ್ತು ಕಳೆದ ಮೇಲೆ ಅಜ್ಜಿ ಬಾಗಿಲು ತಟ್ಟಿ, ಸ್ವಲ್ಪ ಕಾದು, ಒಳಗೆ ಹೋಗುತ್ತಿದ್ದಳು. ಉಣ್ಣುತ್ತ ಕೂತವರ ಮೇಲೆ ಧಡಕ್ಕನೆ ನುಗ್ಗಬಾರದು, ಅಷ್ಟೇ ಅದರ ಶಾಸ್ತ್ರ. ಪುಸ್ತಕ ಬಂದ ಮೇಲೆ ನಮ್ಮ ಹಿರಿಯರು ತತ್ತ್ವಶಾಸ್ತ್ರದ ರಾಶಿಯ ನಡುವೆ ಕುಳಿತು ಉಣ್ಣಬೇಕಾಯಿತು. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ಉಂಡು ಓದಿಕೊಳ್ಳಲಿ ಎಂದಳು.

ಅಜ್ಜಿಗೆ ಇನ್ನೊಂದು ರೂಢಿಯಿತ್ತು. ಕೆಲಸ ಮಾಡುತ್ತ ಅಜ್ಜನ ಜೊತೆ ಮಾತಾಡುವುದು. ಅಜ್ಜ ಸತ್ತು ಹದಿನೈದು ವರ್ಷವಾಗಿತ್ತು. "ಕಂಡ್ರಾ, ನಿಮ್ಮ ಮಗ ಇವತ್ತೂ ಛತ್ರಿ ಮರ್ತು ಹೋದ." "ಈ ಅಕ್ಕೀಲಿ ಬರೀ ಕಲ್ಲು, ನಮ್ಮ ಗದ್ದೆ ಅಕ್ಕಿ ಅಲ್ಲ ಇದು." ಇಡೀ ದಿನ ಮನೆಯೊಳಗೆ ಆ ಗುಣುಗುಣು ಇರುತ್ತಿತ್ತು. ನಾನು ಅದನ್ನು ಕೇಳುತ್ತಲೇ ಬೆಳೆದೆ. ಫ್ಯಾನಿನ ಸದ್ದಿನ ಹಾಗೆ, ನಿಂತಾಗಲೇ ಅದು ಇತ್ತೆಂದು ಗೊತ್ತಾಗುವಂಥದ್ದು.

ನನಗೆ ಹನ್ನೊಂದು ತುಂಬಿದ ವರ್ಷ ಅಮಾವಾಸ್ಯೆಯ ಹೊತ್ತಿಗೆ ಅಜ್ಜಿ ಜ್ವರದಿಂದ ಕಾರವಾರದ ಆಸ್ಪತ್ರೆಯಲ್ಲಿದ್ದಳು. ಆಯಿ ನಾಲ್ಕು ದಿನ ಅಲ್ಲೇ ಬೆಂಚಿನ ಮೇಲೆ ಕಳೆದು, ಅಮಾವಾಸ್ಯೆಯ ಬೆಳಿಗ್ಗೆ ಅಪ್ಪನನ್ನು ಅಲ್ಲಿ ಬಿಟ್ಟು, ಹಿರಿಯರಿಗೆ ಬಡಿಸಲೆಂದೇ ಮನೆಗೆ ಬಂದಳು. ಸ್ನಾನ ಮಾಡಿ, ಅಕ್ಕಿ ತೊಳೆಯಲು ಕುಳಿತವಳು ಗೋಡೆಗೆ ಒರಗಿ ಹಾಗೇ ನಿದ್ದೆ ಹೋದಳು. ನಾನು ಎಬ್ಬಿಸಲಿಲ್ಲ. ಎದ್ದಾಗ ಸಂಜೆ, ಆಸ್ಪತ್ರೆಗೆ ಹೋಗುವ ಬಸ್ಸಿನ ಹೊತ್ತು. ಎಲೆ ಹಾಕಲೇ ಇಲ್ಲ. ಎರಡು ದಿನದ ಮೇಲೆ ಅಜ್ಜಿ ಮನೆಗೆ ಬಂದವಳು ಮೊದಲು ಕೇಳಿದ್ದೇ ಅದು. ಹಾಕಿದೆ ಅತ್ತೆ ಎಂದು ಆಯಿ ಹೇಳಿದಳು, ಹೇಳಿ ನನ್ನ ಕಡೆ ನೋಡಿದಳು. ಗೊತ್ತು ನಂಗೆ ಎಂದು ಅಜ್ಜಿ ನಕ್ಕಳು. ಅಜ್ಜ ಆಸ್ಪತ್ರೆಯಲ್ಲಿ ಕನಸಿಗೆ ಬಂದು ಹೊಟ್ಟೆ ತುಂಬಿತು ಎಂದು ಹೇಳಿ ಹೋಗಿದ್ದನಂತೆ. ಆಯಿಯ ಮುಖ ಸಣ್ಣದಾಯಿತು. ನಾನು ಬಾಯಿ ಬಿಡಲಿಲ್ಲ. ಒಂದು ವರ್ಷ ಬಿಡಲಿಲ್ಲ, ಅದನ್ನಾದರೂ ನನ್ನ ಪಾಲಿಗೆ ಬರೆದುಕೊಳ್ಳಬೇಕು.

ಮರುವರ್ಷ ಅಮಾವಾಸ್ಯೆಗೆ ವಾರವಿದ್ದಾಗ ಒಂದು ಸಂಜೆ, ಪರೀಕ್ಷೆ ಮಾಡದೆ ಒಪ್ಪಿಕೊಂಡದ್ದು ನಂಬಿಕೆಯೋ ಬರೀ ರೂಢಿಯೋ ಎಂಬ ಭಾಗ ಓದುತ್ತಿದ್ದೆ. ಹೊಸ್ತಿಲ ಮೇಲಿಂದ ಅಜ್ಜಿ, ಹಂಗಾರೆ ನಮ್ಮ ಹಿರೇರ ವಿಷ್ಯವೂ ಹೀಗೇಯಾ ಎಂದು ಕೇಳಿದಳು. ಅವ್ವ, ಅದು ಬೇರೆ ಎಂದು ಅಪ್ಪ ಪುಟ ತಿರುವಲು ನೋಡಿದ. ಬೇರೆ ಯಾಕೆ ಎಂದು ನಾನು ಕೇಳಿದೆ. ಹನ್ನೆರಡರ ವಯಸ್ಸು, ಬಾಯಿ ಅಂದರೆ ಬೊಂಬಾಯಿ. ಅಜ್ಜಿ ಕತ್ತಿ ಕೆಳಗಿಟ್ಟು, ಗರಿ ಬದಿಗೆ ಸರಿಸಿ, ಒಳಗೆ ಬಂದು ನನ್ನ ಎದುರು ಕುಳಿತಳು.

"ಕೇಳು ತಂಗಿ. ನಾನೂ ಇವತ್ತು ಕೂತೆ. ಸೋತ್ರೆ ಬಿಡ್ತೆ."

"ಹಿರೇರು ನಾವು ಬಡ್ಸಿದ್ದು ತಿಂತ್ರಾ ಅಜ್ಜಿ?"

"ತಿಂತ್ರು."

"ಎಲೆ ಮೇಲೆ ಎಲ್ಲಾ ಹಂಗೇ ಇರ್ತದಲ?"

"ಅವ್ರು ಉಂಬೂದು ಪರಿಮಳ. ನೀ ಮಲ್ಲಿಗೆ ಮೂಸಿದ್ರೆ ಹೂ ಸವೀತದ್ಯಾ?"

ಅಪ್ಪ ತೊಡೆ ತಟ್ಟಿ ನಕ್ಕ. ಅಡುಗೆಮನೆಯಲ್ಲಿ ಆಯಿಯೂ ನಕ್ಕಳು. ನನಗೆ ಮೈ ಉರಿಯಿತು. ಒಂದಕ್ಷರ ಬಾರದ ಮುದುಕಿ ಎರಡು ಕಪಾಟು ಪುಸ್ತಕದ ಮುಂದೆ ನನ್ನನ್ನು ಸೋಲಿಸುತ್ತಿದ್ದಳು, ಅಪ್ಪ ಅವಳ ಕಡೆಗಿದ್ದ. ಆಗ ನನ್ನ ಕೈಯಲ್ಲಿ ಇನ್ನೂ ಒಂದು ಉಳಿದಿದೆ ಎಂದು ನೆನಪಾಯಿತು.

"ಬಡ್ಸದೇ ಇದ್ರೆ?"

"ಹಸ್ದು ಹೋತ್ರು. ಕನಸಲ್ಲಿ ಬಂದು ಹೇಳ್ತ್ರು."

"ಹೋದ ವರ್ಷ ಬಂದಿದ್ರಾ?"

"ಬಂದಿದ್ರಲೆ. ನಿನ್ನ ಅಜ್ಜ ಹೊಟ್ಟೆ ಸವ್ರಕಂಡು, ತುಂಬ್ತು ಅಂದ."

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ಅದು ನಿಂತದ್ದು ನನಗೆ ಕೇಳಿಸಿತು. ಇದನ್ನು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ: ಗೊತ್ತಿಲ್ಲದೆ ಆಡಿದ ಮಾತಲ್ಲ ಅದು. ಸದ್ದು ನಿಂತದ್ದು ಕೇಳಿಸಿತು, ಆದರೂ ಹೇಳಿದೆ.

"ಹೋದ ವರ್ಷ ಆಯಿ ಬಡ್ಸಲೇ ಇಲ್ಲ ಅಜ್ಜಿ."

ಆಯಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಹೌದನೆ ಎಂದು ಅಜ್ಜಿ ಕೇಳಿದಳು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಆದರೆ ವಾದಕ್ಕೆ ಕೂತಲ್ಲಿ ಸುಳ್ಳು ಹೇಳುವುದನ್ನು ನಾವು ಬಿಟ್ಟಿದ್ದೆವಲ್ಲ. ಹೌದು ಅತ್ತೆ, ನಿದ್ದೆ ಬಂದುಬಿಟ್ಟಿತು ಎಂದಳು ಆಯಿ. ಅಜ್ಜಿ ಅವಳನ್ನು ಬೈಯಲಿಲ್ಲ. ತಲೆ ತಗ್ಗಿಸಿ, ತನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ ಏನನ್ನೋ ಲೆಕ್ಕ ಹಾಕುವವಳ ಹಾಗೆ ಕೂತಿದ್ದಳು. ಆಮೇಲೆ ನನ್ನನ್ನು ನೋಡಿ, ಸೋತೆ ಎಂದಳು. ಎದ್ದು ನಡುಕೋಣೆಗೆ ಹೋಗಿ ಕಂಚಿನ ಬಟ್ಟಲನ್ನು ತಂದು ಆಯಿಯ ಕೈಗೆ ಕೊಟ್ಟಳು.

"ಇದನ್ನ ಇನ್ನು ಅಡಿಗೆಗೆ ಬಳ್ಸು. ಸುಮ್ನೆ ಇಡೂದು ಯಂತಕ್ಕೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಯಿ ನನಗೆ ಹೇಳಿದ್ದು ಅದೊಂದೇ ಗಾದೆ. ಆಮೇಲೆ ಮೂರು ದಿನ ನನ್ನ ಮುಖ ನೋಡದೆ ಅನ್ನ ಬಡಿಸಿದಳು. ಅಮಾವಾಸ್ಯೆ ಬಂತು. ಅಜ್ಜಿ ಎಂದಿನಂತೆ ಗಂಜಿ ಉಂಡು ಕಡ್ಡಿ ಸೀಳಲು ಕುಳಿತಳು. ಅಪ್ಪ ಆವತ್ತು ರಜೆ ಹಾಕಿದ್ದ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅವ್ವ, ಆ ಕಾನೂನು ನಾ ಮಾಡಿದ್ದು, ನಾನೇ ತೆಗೀತೆ, ನೀ ಬಡ್ಸು ಎಂದು ಬೇಡಿಕೊಂಡ.

"ಹಂಗಾರೆ ನೀ ನಾಳೆಯಿಂದ ತಂಬಾಕು ತಿಂತ್ಯಾ?" ಎಂದು ಅಜ್ಜಿ ಕೇಳಿದಳು. ಅಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ. "ಕಾನೂನಿನ ಮಾತಲ್ಲ ಮಗಾ. ಯಾರೂ ಇಲ್ಲ ಅಂತ ಗೊತ್ತಾದ್ ಮೇಲೆ ಬಡ್ಸೂದು ಹೆಂಗೆ? ಕೈ ಏಳೂದಿಲ್ಲ."

ಆ ದಿನದಿಂದ ಅಜ್ಜಿ ಅಜ್ಜನ ಜೊತೆ ಮಾತಾಡುವುದನ್ನೂ ಬಿಟ್ಟಳು. ಯಾರೂ ಬಿಡಲು ಹೇಳಿರಲಿಲ್ಲ. ಆದರೆ ಒಂದು ಹೋದರೆ ಇನ್ನೊಂದು ನಿಲ್ಲುವುದಿಲ್ಲ ಎಂದು ಅವಳು ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು. ಮನೆ ತಣ್ಣಗಾಯಿತು. ಅಕ್ಕಿ ಆರಿಸುವಾಗ ಅವಳ ತುಟಿ ಅಲುಗಿ, ಅರ್ಧಕ್ಕೆ ಮುಚ್ಚಿಕೊಳ್ಳುವುದನ್ನು ನಾನು ನೋಡಿದ್ದೇನೆ. ವಿಚಿತ್ರವೆಂದರೆ ನನಗೆ ನಡುಕೋಣೆಯ ಹೆದರಿಕೆ ಶುರುವಾದದ್ದೂ ಆಗಲೇ. ಅಜ್ಜ, ಮುತ್ತಜ್ಜಿ ಎಲ್ಲ ಅಲ್ಲಿದ್ದಾರೆ ಎಂದುಕೊಂಡಿದ್ದಾಗ ಹಗಲು ರಾತ್ರಿ ಆ ಕೋಣೆಯಲ್ಲಿ ಓಡಾಡಿದವಳು ನಾನು. ಅವರಿಲ್ಲವೆಂದು ನಾನೇ ಸಾಧಿಸಿದ ಮೇಲೆ, ಪುಸ್ತಕ ತರಲು ಹೋದರೆ ಬೆನ್ನು ಜುಮ್ಮೆನ್ನುತ್ತಿತ್ತು. ಯಾರೋ ಇದ್ದಾರೆ ಎಂಬ ಹೆದರಿಕೆಗೆ ದೀಪ ಹಚ್ಚಬಹುದು. ಯಾರನ್ನೋ ಹೊರಗೆ ಹಾಕಿದ್ದೇನೆ ಎಂಬ ಹೆದರಿಕೆಗೆ ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ. ಬಟ್ಟಲನ್ನು ಆಯಿ ಬಳಸಲಿಲ್ಲ. ಕಪಾಟಿನ ಮೇಲೆ ಬೋರಲು ಹಾಕಿಟ್ಟಳು.

ಆ ವರ್ಷ ನಾನೂ ಅಪ್ಪನೂ ಓದಿದ್ದೇ ಓದು. ಅಲ್ಲಿಯವರೆಗೆ ಓದಿದ್ದು ಲೋಕಕ್ಕೆ ಏನಾಗಿದೆ ಎಂದು ತಿಳಿಯಲು. ಈಗ ಬೇಕಾಗಿದ್ದು ಒಂದೇ, ಅಜ್ಜಿಗೆ ಅವಳ ಸತ್ತವರನ್ನು ಹಿಂದಕ್ಕೆ ಕೊಡುವ ಒಂದು ವಾದ, ಮುಂದಿನ ಅಮಾವಾಸ್ಯೆಯೊಳಗೆ. ದೊಡ್ಡ ದೊಡ್ಡವರನ್ನು ಅದಕ್ಕಾಗಿ ತಡಕಿದೆವು. ಆತ್ಮಕ್ಕೆ ಸಾವಿಲ್ಲ ಎಂದು ಮೂರು ಬಗೆಯಲ್ಲಿ ಸಾಧಿಸಿದ ಒಂದು ಪುಸ್ತಕ ಸಿಕ್ಕಿತು. ಕುಣಿಯುತ್ತ ಹೋಗಿ ಓದಿ ಹೇಳಿದೆ. ಅಜ್ಜಿ ಕೊನೆಯವರೆಗೂ ಕೇಳಿ, ಸಾಯದೇ ಇರೂದು ಬೇರೆ, ನಮ್ಮನಿಗೆ ಊಟಕ್ಕೆ ಬರೂದು ಬೇರೆ ಎಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಇನ್ನೊಂದನ್ನು ತಂದ. ಇಂಥ ಆಚರಣೆಗಳೆಲ್ಲ ಬದುಕಿದ್ದವರ ಮನಸ್ಸಿಗಾಗಿ, ಸತ್ತವರ ನೆನಪು ಉಳಿಯಲಿ ಎಂದು, ನಿಜ ಸುಳ್ಳಿನ ಪ್ರಶ್ನೆಯೇ ಇಲ್ಲಿ ಇಲ್ಲ ಎಂದು ಒಬ್ಬ ಪಂಡಿತ ಬರೆದಿದ್ದ. ಅಪ್ಪನಿಗೆ ಅದು ಬಹಳ ಹಿಡಿಸಿತ್ತು.

"ಹಂಗಾರೆ ಆಟ ಆಯ್ತಲೆ ಅದು," ಎಂದಳು ಅಜ್ಜಿ. "ಮಕ್ಳು ಮಣ್ಣಲ್ಲಿ ಅನ್ನ ಮಾಡ್ದಂಗೆ. ನಾ ಆಟ ಆಡಿದ್ದಲ್ಲ ಮಗಾ. ನಾ ಬಡ್ಸಿದ್ದು."

ಆಯಿ ಕೂಡ ಒಮ್ಮೆ ಬಂದು ಕುಳಿತಳು. ಅತ್ತೆ, ನೀವು ಆಸ್ಪತ್ರೇಲಿ ಇದ್ರಿ ಅಂತ ಅವ್ರೂ ಅಲ್ಲೇ ಬಂದು, ಅಲ್ಲೇ ಉಂಡಿರ್ಬಹುದಲ್ಲ ಎಂದಳು. ನಮ್ಮೆಲ್ಲರ ವಾದಗಳಲ್ಲಿ ಅದೇ ಒಳ್ಳೆಯದಾಗಿತ್ತು. ಅಜ್ಜಿಗೂ ಆಸೆಯಾಯಿತೆಂದು ಕಾಣುತ್ತದೆ, ನಡುಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಕೊನೆಗೆ, ಜ್ವರದಲ್ಲಿ ಕಂಡದ್ದನ್ನ ಸಾಕ್ಷಿ ಅಂತ ಹೇಳೂಕೆ ಬತ್ತದ್ಯಾ ಎಂದು ತಾನೇ ಅದನ್ನು ಕಡಿದು ಹಾಕಿದಳು. ಆ ಸಂಜೆ ಅಪ್ಪ ಪುಸ್ತಕ ಮುಚ್ಚಿಟ್ಟ. ನನ್ನ ಕಡೆ ತಿರುಗಿ ಹೇಳಿದ:

"ನಮ್ಗೆ ಏನಾಯ್ತು ಅಂತ ಇಷ್ಟು ವರ್ಷ ಇದ್ರಲ್ಲಿ ಹುಡುಕ್ದೆ. ಆ ಊರಿಂದ ಏನಾದ್ರೂ ಹೊತ್ಕಂಡು ಬಂದವ್ಳು ಅವ್ವ ಒಬ್ಳೇ. ನಾನೂ ನೀನೂ ಸೇರಿ ಅದನ್ನೂ ಇಳ್ಸಿ ಇಟ್ವಿ."

ಗಣಪತಿ ನೀರಿಗೆ ಹೋದ ಮೇಲೆ ಅಜ್ಜಿ ಹಾಸಿಗೆ ಹಿಡಿದಳು. ತಂಪು ಎಂದು ನಡುಕೋಣೆಯಲ್ಲೇ ಮಲಗಿಸಿದ್ದೆವು, ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಖಾಲಿ ಮೂಲೆ. ಶಾಲೆ ಬಿಟ್ಟು ಬಂದು ನಾನು ಅವಳ ಪಕ್ಕ ಕೂರುತ್ತಿದ್ದೆ. ಒಂದು ಇಳಿಹೊತ್ತು ಅವಳಾಗಿಯೇ ಮಾತೆತ್ತಿದಳು.

"ನಾ ಹೋದ್ ಮೇಲೆ ನಂಗೆ ಎಲೆ ಹಾಕೂದು ಬ್ಯಾಡ. ಅಪ್ಪಂಗೂ ಹೇಳು."

ನನಗೆ ಅಳು ತಡೆಯಲಾಗಲಿಲ್ಲ. ನಾನೇ ಸೋತೆ ಅಜ್ಜಿ, ನಾ ಸೋತೆ ಅಂತ ಬರ್ಕೊಡ್ತೆ, ನೀ ಮೊದಲಿನ ಹಾಗೆ ಇರು ಎಂದೆ.

"ಎಲ್ಲಿ ಸೋತ್ಯೆ? ಸುಳ್ಳು ಹೇಳ್ಬ್ಯಾಡ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಎಳೆದಿಟ್ಟುಕೊಂಡಳು. "ಒಂದು ಕೇಳ್ತೆ. ಈ ಕೋಣಿಗೆ ಬರುವಾಗ ಬಾಗ್ಲು ತಟ್ಟಿ ಬಾ."

"ಒಳಗೆ ಯಾರೂ ಇಲ್ದೇ ಇದ್ರೂ?"

"ತಟ್ಟೂದಕ್ಕೆ ಒಳಗೆ ಯಾರಾದ್ರೂ ಇರ್ಲೇಬೇಕು ಅಂತಿಲ್ಲ ತಂಗಿ. ತಟ್ಟದೇ ಹೋಗೂಕೆ ಮಾತ್ರ, ಯಾರೂ ಇಲ್ಲ ಅಂತ ಖಾತ್ರಿ ಬೇಕು. ನಿಂಗೆ ಖಾತ್ರಿ ಅದ್ಯಾ?"

ನಾನು ಯೋಚಿಸಿದೆ. ಓದಿದ್ದನ್ನೆಲ್ಲ ನೆನಪಿಗೆ ತಂದುಕೊಂಡೆ. ಕಳೆದ ವರ್ಷದ ನನ್ನ ವಾದವನ್ನು ಮೊದಲಿನಿಂದ ತಿರುವಿ ನೋಡಿದೆ. ಅದು ಅಜ್ಜಿಯ ಒಂದು ಕನಸು ಸುಳ್ಳೆಂದು ತೋರಿಸಿತ್ತು, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ. ಹೋಗಿದೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

"ಇಲ್ಲ ಅಜ್ಜಿ. ಖಾತ್ರಿ ಇಲ್ಲ."

"ಹಂಗಾರೆ ಸೋತ್ಯಲೆ," ಎಂದಳು. ಒಂದು ವರ್ಷದಲ್ಲಿ ಮೊದಲ ಸಲ ಅವಳು ನಕ್ಕದ್ದು ಆಗ. "ಸೋತವ್ರು ಬಿಡ್ಬೇಕು. ತಟ್ಟದೇ ಬರೂದನ್ನ ಬಿಡು."

ಅದಾಗಿ ಐದನೆಯ ದಿನ, ಅಮಾವಾಸ್ಯೆಗೆ ಮೊದಲೇ, ಅಜ್ಜಿ ಹೋದಳು. ಅವಳು ಹೇಳಿದಂತೆ ಅಪ್ಪ ಎಲೆ ಹಾಕಲಿಲ್ಲ. ಬೆಳಂಬಾರದಿಂದ ಬಂದ ಆಯಿಯ ಅಣ್ಣ, ಪುಸ್ತಕ ಓದಿ ಹೆತ್ತ ತಾಯಿಗೆ ಒಂದು ತುತ್ತು ಇಡದವನು ಎಂದು ಎಲ್ಲರೆದುರು ಬೈದು, ಊಟ ಮಾಡದೆ ಎದ್ದು ಹೋದ. ನೆಂಟರೆಲ್ಲ ಹೋದ ಮೇಲೆ ಅಪ್ಪ ನಡುಕೋಣೆಯ ಮುಂದೆ ನಿಂತು, ಎರಡು ಬೆರಳಿನಿಂದ ಬಾಗಿಲು ತಟ್ಟಿ, ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕಾದು ಒಳಗೆ ಹೋದದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ.

ಆಮೇಲೆ ನಾನು ತತ್ತ್ವಶಾಸ್ತ್ರವನ್ನೇ ಓದಿದೆ, ಈಗ ಅದನ್ನೇ ಕಲಿಸುತ್ತೇನೆ. ವಾದ ಮಾಡುವಾಗ ನನ್ನ ಬಾಯಿ ಇನ್ನೂ ಹರಿತವೇ. ಆದರೆ ಎದುರಿನವರು ಸೋಲುವ ಹೊತ್ತಿಗೆ ಎಲ್ಲೋ ತೆಂಗಿನಕಾಯಿ ತುರಿಯುವ ಸದ್ದು ನಿಂತಂತಾಗಿ, ಮುಂದಿನ ಮಾತು ಬಾಯಿಗೆ ಬರುವುದಿಲ್ಲ. ಸದಾಶಿವಗಡದಲ್ಲಿ ಒಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಹೋದ ವಾರ ಸಂಜೆ ಕಾಲೇಜಿನಿಂದ ಬಂದು ಬೀಗ ತೆಗೆದು, ಎಂದಿನಂತೆ ಬಾಗಿಲು ತಟ್ಟಿ ನಿಂತಿದ್ದೆ. ಎದುರು ಮನೆಗೆ ಹೊಸದಾಗಿ ಬಂದ ಹೆಂಗಸು ಬಟ್ಟೆ ತೆಗೆಯುತ್ತಿದ್ದವಳು ನೋಡಿ, ಕೈಯಲ್ಲಿ ಬೀಗ ಉಂಟು, ಮತ್ತೆ ತಟ್ತೀರಲ್ಲ, ಒಳಗೆ ಯಾರಿದ್ದಾರೆ ಅಕ್ಕೋರೆ ಎಂದು ಕೇಳಿದಳು.

ಗೊತ್ತಿಲ್ಲ ಎಂದೆ. ಇನ್ನೂ ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ಬಾಗಿಲು ನೂಕಿದೆ.